ತಾತನ ಡಬ್ಬಿಯಲ್ಲಿ ಉಳಿದ ಮಾತ್ರೆ



ಜಯನಗರದ ನಮ್ಮ ಬೀದಿಯಲ್ಲಿ ಒಬ್ಬರು ತಾತ ಇದ್ದಾರೆ. ದಿನಾ ಬೆಳಿಗ್ಗೆ ಮಾಧವನ್ ಪಾರ್ಕಿನಲ್ಲಿ ನಾಲ್ಕು ಸುತ್ತು, ಆಮೇಲೆ ಫಿಲ್ಟರ್ ಕಾಫಿ. ಅವರಿಗೆ ಕಿಡ್ನಿಯ ತೊಂದರೆಯಿದೆ. ಹೋದ ತಿಂಗಳು ಅಮೆರಿಕದಿಂದ ಬಂದ ಮಗ ದೊಡ್ಡದೊಂದು ಬಾಟಲಿ ಕೊಟ್ಟ. ಒಳಗೆ ಬಂಗಾರದ ಬಣ್ಣದ ಕ್ಯಾಪ್ಸೂಲ್‌ಗಳು. "ಮೀನಿನ ಎಣ್ಣೆ ಅಪ್ಪ, ಕೊಲೆಸ್ಟ್ರಾಲಿಗೆ ಒಳ್ಳೇದು, ತಗೊಳ್ಳಿ" ಅಂದ. ಹುಟ್ಟು ಸಸ್ಯಾಹಾರಿ ತಾತ "ಔಷಧಿಗೆಂಥ ಮಡಿ!" ಎಂದು ನುಂಗತೊಡಗಿದರು.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ತಾತನ ಮಾತ್ರೆ ಡಬ್ಬಿಯನ್ನು ಪ್ರತಿ ಭಾನುವಾರ ತುಂಬುವುದು ಏಳನೇ ಕ್ಲಾಸಿನ ಮೊಮ್ಮಗಳು. "ತಾತ, ರಾತ್ರಿಯ ಮಾತ್ರೆ ಏಳೂ ಹಾಗೇ ಇದೆಯಲ್ಲ?" ಎಂದು ಕೇಳಿದಳು. "ಕೊಲೆಸ್ಟ್ರಾಲಿಗೆ ಎರಡೆರಡು ಯಾಕಮ್ಮ? ಅದನ್ನ ಬಿಟ್ಟುಬಿಟ್ಟೆ" ಎಂದರು ತಾತ. ಮಾರನೆಯ ದಿನವೇ ಅವಳು ಬಾಟಲಿ ಸಮೇತ ತಾತನನ್ನು ಡಾಕ್ಟರ ಬಳಿ ಕರೆದೊಯ್ದಳು. ರಕ್ತಪರೀಕ್ಷೆ ಮಾಡಿಸಿದರೆ ಎಲ್‌ಡಿಎಲ್ ಏರಿತ್ತು!

ಯಾಕೆ ಹೀಗಾಯಿತು? ರಕ್ತದಲ್ಲಿರುವ ಕೊಬ್ಬೆಲ್ಲ ಒಂದೇ ಅಲ್ಲ. ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ದಾರಿ ಕಟ್ಟುವುದು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್. ಟ್ರೈಗ್ಲಿಸರೈಡ್ ಇನ್ನೊಂದು ಬಗೆಯ ಕೊಬ್ಬು. ಮೀನಿನ ಎಣ್ಣೆಯ ಒಮೆಗಾ-3 ಇಳಿಸುವುದು ಮುಖ್ಯವಾಗಿ ಟ್ರೈಗ್ಲಿಸರೈಡನ್ನು, ಅದೂ ದಿನಕ್ಕೆ 2ರಿಂದ 4 ಗ್ರಾಂ ಒಮೆಗಾ-3 ಸೇರಿದರೆ. ಅಂಗಡಿಯ 1,000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಒಮೆಗಾ-3 ಇರುವುದು ಸುಮಾರು 300 ಮಿಲಿಗ್ರಾಂ. ಎಲ್‌ಡಿಎಲ್ ಇಳಿಸುವ ಕೆಲಸ ಅದರದ್ದಲ್ಲ.

ಕಿಡ್ನಿ ಸೋತವರಿಗೆ ಹೃದಯದ ಕಾಯಿಲೆಯ ಭಯವೂ ಹೆಚ್ಚು. ಅದಕ್ಕೇ ಡಾಕ್ಟರು ಸ್ಟ್ಯಾಟಿನ್ ಮಾತ್ರೆ ಬರೆದಿರುತ್ತಾರೆ. 2011ರಲ್ಲಿ ಪ್ರಕಟವಾದ 'ಶಾರ್ಪ್' ಅಧ್ಯಯನದಲ್ಲಿ ಹಲವು ದೇಶಗಳ 9,000ಕ್ಕೂ ಹೆಚ್ಚು ಕಿಡ್ನಿ ರೋಗಿಗಳಿದ್ದರು. ಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಎಂಬ ಔಷಧಿ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು ಆರನೇ ಒಂದು ಪಾಲು ಕಡಿಮೆಯಾಯಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಲೆಕ್ಕ ಬೇರೆ. ಅವರಿಗೆ ಏನು ಬೇಕೆಂದು ಅವರ ಡಾಕ್ಟರೇ ಹೇಳಬೇಕು.

ಇನ್ನೊಂದು ಎಚ್ಚರ. ಅಜ್ಜಿಯರು ಚಿಕ್ಕಂದಿನಲ್ಲಿ ಮೂಗು ಮುಚ್ಚಿ ಕುಡಿದ ಕಾಡ್ ಲಿವರ್ ಎಣ್ಣೆ ಮೀನಿನ ಪಿತ್ತಜನಕಾಂಗದ್ದು. ಅದರಲ್ಲಿ ವಿಟಮಿನ್ ಎ ಇದೆ. ಕಿಡ್ನಿ ಸೋತಾಗ ಅದು ಮೈಯಲ್ಲೇ ಶೇಖರವಾಗಿ ತೊಂದರೆ ಕೊಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಯಾವ ಮೀನೆಣ್ಣೆಯನ್ನೂ ಕೇಳದೆ ತೆಗೆದುಕೊಳ್ಳಬಾರದು.

"ಹಾಗಾದ್ರೆ ಅಗಸೆ ಚಟ್ನಿಪುಡಿ?" ಎಂದು ತಾತ ಕೇಳಿದರಂತೆ. ಅಗಸೆಯ ಒಮೆಗಾ-3 ಬೇರೆ ಬಗೆಯದು. ಮೀನಿನಲ್ಲಿರುವ ರೂಪಕ್ಕೆ ನಮ್ಮ ಮೈ ಅದನ್ನು ಬದಲಿಸುವುದು ಸ್ವಲ್ಪವೇ ಸ್ವಲ್ಪ. ಜೊತೆಗೆ ಚಟ್ನಿಪುಡಿಯ ಉಪ್ಪು ಕಿಡ್ನಿಗೆ ಹೊರೆ.

ಪುಟಾಣಿಗಳೇ, ಈ ಭಾನುವಾರ ನಿಮಗೊಂದು ಕೆಲಸ. ಅಜ್ಜ-ಅಜ್ಜಿಯ ಪಕ್ಕ ಕೂತು ಅವರು ತೆಗೆದುಕೊಳ್ಳುವ ಮಾತ್ರೆ, ಕಷಾಯ, ಪುಡಿ, ಕ್ಯಾಪ್ಸೂಲ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ಸಲ ಡಾಕ್ಟರಿಗೆ ತೋರಿಸಿ. ಅಜ್ಜ-ಅಜ್ಜಿಯರೇ, ಹೊಸದನ್ನು ಶುರು ಮಾಡುವ ಮುನ್ನ ಕೇಳಿ. ಹಳೆಯದನ್ನು ಬಿಡುವ ಮುನ್ನವೂ ಕೇಳಿ.

ನಮ್ಮ ತಾತ ಈಗ ರಾತ್ರಿಯ ಮಾತ್ರೆ ತಪ್ಪಿಸುವುದಿಲ್ಲ. ತಪ್ಪಿಸುವ ಹಾಗೂ ಇಲ್ಲ. ಭಾನುವಾರ ಡಬ್ಬಿ ಎಣಿಸುವವಳು ಮನೆಯಲ್ಲೇ ಇದ್ದಾಳಲ್ಲ!