ಕಡತ ಹೇಳಿದ್ದು ಮೊರಾಕೊ, ಕಡಲು ಹೇಳಿದ್ದು ನ್ಯೂಜೆರ್ಸಿ

ಎರಡನೇ ಮಹಾಯುದ್ಧದಲ್ಲಿ ಮೊರಾಕೊದ ಬಳಿ ಮುಳುಗಿತೆಂದು ದಾಖಲೆ ಹೇಳಿದರೂ ನ್ಯೂಜೆರ್ಸಿಯ ಆಚೆ ಸಿಕ್ಕ ಯು-869 ಎಂಬ ಜರ್ಮನ್ ಜಲಾಂತರ್ಗಾಮಿಯ ಬಗ್ಗೆ ನಾನು ಬರೆದದ್ದಕ್ಕೆ ಬಂದ ಆಕ್ಷೇಪಗಳಲ್ಲಿ ಕಾಳೂ ಇದೆ, ಜಳ್ಳೂ ಇದೆ. ಜಳ್ಳನ್ನು ಮೊದಲು ತೂರಿಬಿಡುತ್ತೇನೆ.

‘ಯುದ್ಧದ ಕೊನೆಗಾಲದಲ್ಲಿ ಸೋತು ಸುಣ್ಣವಾಗಿದ್ದ ಜರ್ಮನಿಯ ಜಲಾಂತರ್ಗಾಮಿ ನ್ಯೂಯಾರ್ಕ್ ಬಂದರಿನ ಹೊಸ್ತಿಲಿಗೆ ಬರುವುದುಂಟೆ?’ ಎಂದು ಒಬ್ಬರು ಕೇಳಿದ್ದಾರೆ. ಉಂಟು. 1942ರ ಜನವರಿಯಲ್ಲೇ ಯು-123 ಲಾಂಗ್ ಐಲೆಂಡ್ ಎದುರಿಗೆ ಬಂದು ಟ್ಯಾಂಕರ್‌ಗಳನ್ನು ಮುಳುಗಿಸಿತ್ತು. ಮುಂದಿನ ತಿಂಗಳು ನ್ಯೂಜೆರ್ಸಿಯ ಆಚೆ ಆರ್.ಪಿ. ರೆಸರ್ ಎಂಬ ತೈಲದ ಹಡಗು ಹೊತ್ತಿ ಉರಿದಾಗ ಬದುಕಿ ಬಂದವರು ಇಬ್ಬರೇ. ಇನ್ನು ಕೊನೆಗಾಲದ ಮಾತು: ಜರ್ಮನಿ ಶರಣಾಗುವ ವಾರದಲ್ಲೂ ಯು-853 ಅದೇ ಕರಾವಳಿಯ ಮೇಲ್ಗಡೆ, ರೋಡ್ ಐಲೆಂಡಿನ ಹತ್ತಿರ ಬೇಟೆಯಾಡುತ್ತಿತ್ತು. ಅಮೆರಿಕದ ಹಡಗುಗಳು ಅದನ್ನು ಅಲ್ಲೇ ಮುಳುಗಿಸಿದವು.

ಕಾಳಿರುವ ಆಕ್ಷೇಪ ಇದು: ‘ಎರಡು ದೇಶಗಳ ನೌಕಾಪಡೆಗಳ ದಾಖಲೆ ಒಂದು ಕಡೆ, ಹವ್ಯಾಸಿ ಮುಳುಗುಗಾರರ ಮಾತು ಇನ್ನೊಂದು ಕಡೆ. ದಾಖಲೆಯನ್ನು ಬಿಟ್ಟು ಅವರನ್ನೇಕೆ ನಂಬಬೇಕು?’ ದಾಖಲೆ ಹುಟ್ಟಿದ ಬಗೆಯನ್ನು ನೋಡಿದರೆ ಉತ್ತರ ಸಿಗುತ್ತದೆ. 1944ರ ಡಿಸೆಂಬರಿನಲ್ಲಿ ಯು-869 ನಾರ್ವೆಯಿಂದ ಹೊರಟಿತು. ಕ್ಯಾಪ್ಟನ್ ಹೆಲ್ಮುಟ್ ನಾಯರ್‌ಬುರ್ಗ್ ಸೇರಿ ಒಳಗಿದ್ದವರು 56 ಮಂದಿ. ಮೊದಲು ಅದಕ್ಕೆ ಗೊತ್ತುಮಾಡಿದ್ದು ಅಮೆರಿಕದ ಪೂರ್ವ ಕರಾವಳಿ. ನಡುದಾರಿಯಲ್ಲಿ ಕೇಂದ್ರ ಕಚೇರಿ ಮನಸ್ಸು ಬದಲಾಯಿಸಿ ‘ಗಿಬ್ರಾಲ್ಟರ್ ಕಡೆ ಹೋಗಿ’ ಎಂದು ರೇಡಿಯೊ ಸಂದೇಶ ಕಳಿಸಿತು. ಸಂದೇಶ ಮುಟ್ಟಿತೆಂಬ ಉತ್ತರ ಬರಲಿಲ್ಲ. ಆದರೂ ಹಡಗು ಅತ್ತಲೇ ಹೋಗಿದೆ ಎಂದು ಬರ್ಲಿನ್ನಿನವರು ಲೆಕ್ಕ ಹಾಕಿದರು. ಇತ್ತ 1945ರ ಫೆಬ್ರುವರಿ 28ರಂದು ಮೊರಾಕೊದ ಬಳಿ ಅಮೆರಿಕದ ಫೌಲರ್ ಮತ್ತು ಫ್ರೆಂಚರ ಲ್ಯಾಂಡಿಸ್ಕ್ರೆ ಹಡಗುಗಳು ನೀರೊಳಗಿನ ಯಾವುದೋ ಗುರಿಯ ಮೇಲೆ ದಾಳಿ ಮಾಡಿದ್ದವು. ಯುದ್ಧ ಮುಗಿದ ಮೇಲೆ ಲೆಕ್ಕ ಹೊಂದಿಸಲು ಕುಳಿತವರು ಹೆಸರಿಲ್ಲದ ಆ ದಾಳಿಗೆ ಕಾಣೆಯಾದ ಯು-869ನ್ನು ಜೋಡಿಸಿಬಿಟ್ಟರು. ಎರಡು ಊಹೆಗಳಿಗೆ ಮದುವೆ ಮಾಡಿಸಿ ಅದನ್ನು ‘ದಾಖಲೆ’ ಎಂದು ಕರೆದದ್ದಷ್ಟೇ ಅಲ್ಲಿ ನಡೆದದ್ದು. ಹಡಗನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಕಂಡವರು ಈ ಮುಳುಗುಗಾರರೇ. 1991ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಬ್ರಿಯೆಲ್ ಊರಿನಿಂದ ಬಿಲ್ ನೇಗಲ್ ಅವರ ‘ಸೀಕರ್’ ದೋಣಿಯಲ್ಲಿ ಹೋದ ಜಾನ್ ಚಾಟರ್‌ಟನ್ ಮತ್ತು ಸಂಗಡಿಗರು ಸುಮಾರು 70 ಮೀಟರ್ ಆಳದಲ್ಲಿ ಅದನ್ನು ಪತ್ತೆಹಚ್ಚಿದರು. ಅದು ಜಲಾಂತರ್ಗಾಮಿ ಎನ್ನುವುದು ತಿಳಿಯಿತು, ಯಾವುದು ಎನ್ನುವುದು ತಿಳಿಯಲಿಲ್ಲ. ಅದೇ ವರ್ಷ ಮರದ ಹಿಡಿಯ ಮೇಲೆ ‘ಹೊರೆನ್‌ಬುರ್ಗ್’ ಎಂದು ಕೆತ್ತಿದ್ದ ಊಟದ ಚಾಕುವೊಂದು ಸಿಕ್ಕಿತು. ಆ ಹೆಸರಿನವನು ಯು-869ರ ರೇಡಿಯೊ ವಿಭಾಗದಲ್ಲಿದ್ದ. ಇಷ್ಟಾದರೂ ‘ಯು-869 ಆಫ್ರಿಕಾದ ಬಳಿ ಮುಳುಗಿದೆಯಲ್ಲ’ ಎಂಬ ಒಂದೇ ಕಾರಣಕ್ಕೆ ಚಾಕುವಿನ ಸಾಕ್ಷ್ಯವನ್ನು ಪಕ್ಕಕ್ಕಿಟ್ಟರು. ಕೊನೆಗೆ 1997ರ ಆಗಸ್ಟ್ 31ರಂದು ಚಾಟರ್‌ಟನ್ ಹಿಂಭಾಗದ ಮೋಟಾರು ಕೋಣೆಯಿಂದ ಬಿಡಿಭಾಗಗಳ ಪೆಟ್ಟಿಗೆಯನ್ನು ಎತ್ತಿ ತಂದರು. ಅದರ ತಗಡಿನ ಪಟ್ಟಿಯ ಮೇಲೆ ಹಡಗಿನ ಸಂಖ್ಯೆಯೇ ಇತ್ತು. ನನ್ನ ಮಟ್ಟಿಗೆ ಅಧಿಕೃತ ದಾಖಲೆ ಎಂದರೆ ಆ ತಗಡು.

ಇನ್ನು ಮುಳುಗಿದ್ದು ಹೇಗೆ? ರಾಬರ್ಟ್ ಕರ್ಸನ್ನರ ‘ಶ್ಯಾಡೋ ಡೈವರ್ಸ್’ ಓದಿದವರು ‘ತನ್ನದೇ ಟಾರ್ಪೆಡೊ ಸುತ್ತುಹಾಕಿ ಬಂದು ಹೊಡೆಯಿತು, ಚರ್ಚೆ ಮುಗಿಯಿತು’ ಎಂದು ಬರೆದಿದ್ದಾರೆ. ಅಂಥದ್ದು ನಡೆಯುವುದು ನಿಜ. 1944ರಲ್ಲಿ ಅಮೆರಿಕದ ಜಲಾಂತರ್ಗಾಮಿ ಟ್ಯಾಂಗ್ ಸತ್ತದ್ದು ಹಾಗೆಯೇ. ಆದರೆ ಯು-869ರ ಒಡಲಲ್ಲಿ ಎರಡು ತೂತುಗಳಿವೆ, ಒಂದು ನಡುಭಾಗದಲ್ಲಿ, ಇನ್ನೊಂದು ಹಿಂದೆ. ತಿರುಗಿ ಬಂದ ಒಂದು ಟಾರ್ಪೆಡೊ ಎರಡು ಕಡೆ ಹೊಡೆಯುವುದಿಲ್ಲ. 1945ರ ಫೆಬ್ರುವರಿ 11ರಂದು ಹೊವರ್ಡ್ ಡಿ. ಕ್ರೋ ಮತ್ತು ಕಾಯ್ನರ್ ಎಂಬ ಬೆಂಗಾವಲು ಹಡಗುಗಳು ಇದೇ ಸೀಮೆಯಲ್ಲಿ ಒಂದು ಗುರಿಯ ಮೇಲೆ ಹೆಡ್ಜ್‌ಹಾಗ್ ಬಾಂಬುಗಳನ್ನೂ ಡೆಪ್ತ್ ಚಾರ್ಜ್‌ಗಳನ್ನೂ ಹಾಕಿದ್ದವು. 2005ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಯು-869ನ್ನು ಮುಳುಗಿಸಿದ ಕೀರ್ತಿಯನ್ನು ಈ ಜೋಡಿಗೇ ಕೊಟ್ಟಿತು. ಮರುವರ್ಷ ಗ್ಯಾರಿ ಜೆಂಟೈಲ್ ಎಂಬ ಹಳೆಯ ಮುಳುಗುಗಾರ ಕರ್ಸನ್ ವಿರುದ್ಧ ಒಂದು ಇಡೀ ಪುಸ್ತಕವನ್ನೇ ಬರೆದರು. ನನ್ನ ಒಲವೂ ಆ ಬೆಂಗಾವಲು ಹಡಗುಗಳ ಜೋಡಿಯ ಕಡೆಗೇ. ಕತೆಯಾಗಿ ಟಾರ್ಪೆಡೊ ಹೆಚ್ಚು ರುಚಿ, ಒಪ್ಪುತ್ತೇನೆ. ವಿಶಾಖಪಟ್ಟಣದ ಎದುರು 1971ರ ಡಿಸೆಂಬರಿನಲ್ಲಿ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿಯ ಸುತ್ತಲೂ ಇದೇ ಜಗಳವಿದೆ: ನಮ್ಮ ನೌಕಾಪಡೆಯ ರಾಜಪೂತ್ ಹೊಡೆದದ್ದೋ, ಒಳಗೇ ಏನೋ ಸಿಡಿದದ್ದೋ ಎಂದು. ಅಲ್ಲೂ ತಮಗೆ ಇಷ್ಟವಾದ ಕತೆಯನ್ನು ಹಿಡಿದು ಕೂತವರೇ ಹೆಚ್ಚು.

‘ಅದು ಗೋರಿ; ಒಳಹೊಕ್ಕವರು ಗೋರಿಗಳ್ಳರು’ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸ್ವಸ್ತಿಕದ ಮುದ್ರೆಯಿದ್ದ ಪಿಂಗಾಣಿಯನ್ನು ಮೇಲಕ್ಕೆ ತಂದದ್ದು ನನಗೂ ಹಿಡಿಸಲಿಲ್ಲ. ಆದರೆ ಗುರುತಿನ ವಸ್ತುವಿಗಾಗಿ ಎಲುಬುಗಳ ನಡುವೆ ಕೈಯಾಡಿಸುವುದಿಲ್ಲವೆಂದು ಚಾಟರ್‌ಟನ್ ಮತ್ತು ಅವರ ಜೊತೆಗಾರ ಮುಳುಗುಗಾರ ರಿಚಿ ಕೋಲರ್ ಕಟ್ಟು ಹಾಕಿಕೊಂಡಿದ್ದರು. ಹಾಗೆ ಮಾಡಿದ್ದರೆ ಉತ್ತರ ಬೇಗ ಸಿಗುತ್ತಿತ್ತೇನೋ. ಕಳ್ಳರಿಗೆ ಇಂಥ ಕಟ್ಟುಗಳಿರುವುದಿಲ್ಲ.

ಈ ಹುಡುಕಾಟದಲ್ಲಿ ಮೂವರು ಮುಳುಗುಗಾರರು ಸತ್ತರು, ಅವರಲ್ಲಿ ಇಬ್ಬರು ತಂದೆ–ಮಗ. ‘ಅಷ್ಟು ಬೆಲೆ ತೆರಬೇಕಿತ್ತೆ?’ ಬೇಕಿರಲಿಲ್ಲ. ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ.

‘ಹಿಟ್ಲರನ ಸೈನಿಕರ ಮೇಲೆ ಇಷ್ಟು ಕನಿಕರವೇಕೆ?’ ಎಂದವರಿಗೆ: ನಾನು ಕೇಳುತ್ತಿರುವುದು ಕನಿಕರವನ್ನಲ್ಲ, ಸರಿಯಾದ ವಿಳಾಸವನ್ನು. ಕಾಯಿಲೆ ಬಿದ್ದು ಈ ಯಾನಕ್ಕೆ ಹೋಗದೆ ಉಳಿದುಕೊಂಡ ಒಬ್ಬ ರೇಡಿಯೊ ಸಿಬ್ಬಂದಿಯನ್ನು ಬಿಟ್ಟರೆ ಆ ಹಡಗಿನವರು ಯಾರೂ ಬದುಕಲಿಲ್ಲ. ಸತ್ತವರ ಮನೆಯವರಿಗೆ ಅರ್ಧ ಶತಮಾನ ತೋರಿಸಿದ್ದು ಬೇರೆ ಸಮುದ್ರವನ್ನು. ಸೋತವರ ಮಕ್ಕಳಿಗೂ ಅಪ್ಪ ಎಲ್ಲಿ ಸತ್ತನೆಂದು ತಿಳಿಯುವ ಹಕ್ಕಿದೆ. ಯು-869 ಮೊರಾಕೊದ ಬಳಿ ಮುಳುಗಿತೆಂದು ಹೇಳುವ ಹಳೆಯ ಪುಸ್ತಕ ನಿಮ್ಮ ಕಪಾಟಿನಲ್ಲಿದ್ದರೆ, ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ ಅಂಚಿನಲ್ಲಿ ನ್ಯೂಜೆರ್ಸಿ ಎಂದು ಬರೆದುಕೊಳ್ಳಿ.