ಮನೆಯ ಜಮಾಖರ್ಚು ಯಾರು ಬರೆಯಬೇಕು: ನಾವೋ, ಮೊಬೈಲೋ?

ಮನೆಯ ಹಣಕಾಸಿಗೆ ಯಾವ ತಂತ್ರಾಂಶ ಒಳ್ಳೆಯದು ಎಂಬ ಚರ್ಚೆ ಬಂದಾಗ ಎರಡು ನಿಲುವುಗಳು ಎದುರಾಗುತ್ತವೆ. ಬ್ಯಾಂಕಿನ ಎಸ್ಸೆಮ್ಮೆಸ್ ಓದಿಯೋ, ಖಾತೆಯ ವಿವರವನ್ನೇ ತರಿಸಿಕೊಂಡೋ ತಾನಾಗಿ ಲೆಕ್ಕ ಬರೆದುಕೊಳ್ಳುವ ಆ್ಯಪ್ ಸಾಕು ಎನ್ನುವವರು ಕೆಲವರು. ಗ್ನೂಕ್ಯಾಶ್‌ನಂಥ ಉಚಿತ ತಂತ್ರಾಂಶದಲ್ಲೋ ಎಕ್ಸೆಲ್ ಹಾಳೆಯಲ್ಲೋ ಕೈಯಾರೆ ಬರೆದದ್ದೇ ಲೆಕ್ಕ ಎನ್ನುವವರು ಇನ್ನು ಕೆಲವರು. ಎರಡೂ ಕಡೆಯವರು ಅನುಭವದಿಂದಲೇ ಮಾತಾಡುತ್ತಾರೆ. ಆದ್ದರಿಂದ ಯಾವ ವಾದವನ್ನೂ ಸೋಮಾರಿತನ ಅಥವಾ ಅತಿರೇಕ ಎಂದು ತಳ್ಳಿಹಾಕುವಂತಿಲ್ಲ.

ಮೊದಲ ಪಕ್ಷದ ಬಲವಾದ ಕಾರಣ ಮನುಷ್ಯಸ್ವಭಾವ. ತಿಂಗಳ ಮೊದಲ ವಾರದಲ್ಲಿ ಉತ್ಸಾಹದಿಂದ ಬರೆದ ಲೆಕ್ಕ ಮೂರನೆಯ ವಾರಕ್ಕೆ ನಿಂತುಹೋಗುವುದು ಬಹುತೇಕ ಮನೆಗಳ ಕಥೆ. 2016ರಲ್ಲಿ ಯುಪಿಐ ಬಂದ ಮೇಲಂತೂ ಖರ್ಚು ಚಿಲ್ಲರೆ ಚಿಲ್ಲರೆಯಾಗಿ ಒಡೆದುಹೋಗಿದೆ. ಟೀ, ಆಟೊ, ಸೊಪ್ಪು, ಜೆರಾಕ್ಸ್ ಎಂದು ದಿನಕ್ಕೆ ಹತ್ತು ಬಾರಿ ಸ್ಕ್ಯಾನ್ ಮಾಡುವವರು ಅದನ್ನೆಲ್ಲ ರಾತ್ರಿ ಕೂತು ಬರೆಯುತ್ತಾರೆಂದು ನಿರೀಕ್ಷಿಸುವುದು ಕಷ್ಟ. ಖಾತೆಯ ವಿವರವನ್ನೇ ತರಿಸಿಕೊಳ್ಳುವುದಕ್ಕೆ ಕಾನೂನಿನ ಚೌಕಟ್ಟೂ ಒದಗಿದೆ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿದ, 2021ರ ಸೆಪ್ಟೆಂಬರ್‌ನಲ್ಲಿ ಚಾಲನೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂಬುದಕ್ಕೆ ಗ್ರಾಹಕರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಮಾಹಿತಿ ಸಾಗಿಸುವ ಮಧ್ಯವರ್ತಿ ಅದನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ.

ಎಸ್ಸೆಮ್ಮೆಸ್ ಓದುವ ಆ್ಯಪ್‌ಗಳಿಗೆ ಈ ಸಮರ್ಥನೆ ಅಷ್ಟಾಗಿ ಸಲ್ಲದು. ಅಲ್ಲಿ ಕೊಡುವ ಅನುಮತಿ ಇಡೀ ಇನ್‌ಬಾಕ್ಸಿಗೆ. ಒಟಿಪಿ ಬಂದು ಬೀಳುವುದೂ ಅಲ್ಲಿಯೇ. ಹಾಗೆ ಸಿಕ್ಕ ಲೆಕ್ಕವಾದರೂ ಪೂರ್ತಿಯೇ ಎಂದರೆ, ಅದೂ ಅನುಮಾನ. 2024ರ ಜೂನ್‌ನಿಂದ ಎಚ್‌ಡಿಎಫ್‌ಸಿ ಬ್ಯಾಂಕ್ ನೂರು ರೂಪಾಯಿಗಿಂತ ಕಡಿಮೆ ಮೊತ್ತದ ಯುಪಿಐ ಪಾವತಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ನಿಲ್ಲಿಸಿತು. ಯುಪಿಐ ಲೈಟ್‌ನಲ್ಲಿ ಕೊಟ್ಟ ಚಿಲ್ಲರೆ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ, ಅದಕ್ಕೆ ತುಂಬಿಸಿದ ಮೊತ್ತ ಮಾತ್ರ ಕಾಣುತ್ತದೆ. ಮನೆಗೆಲಸದವರಿಗೆ ಕೊಟ್ಟ ನಗದು, ಪರಿಚಯದವರಲ್ಲಿ ಹಾಕಿದ ಚೀಟಿ, ಭಾವಮೈದುನನಿಗೆ ಕೊಟ್ಟ ಕೈಸಾಲ ಇವೆಲ್ಲ ಯಂತ್ರಕ್ಕೆ ಒಂದೋ ಅದೃಶ್ಯ, ಇಲ್ಲವೇ ಬರೀ ಖರ್ಚು. (ಕೈಸಾಲ ಕೊನೆಗೆ ಖರ್ಚೇ ಆಗುವುದುಂಟು, ಆ ಮಾತು ಬೇರೆ.)

ಎರಡನೆಯ ಪಕ್ಷದ ಗಟ್ಟಿ ವಾದ ಇರುವುದು ಗೃಹಸಾಲದಂಥ ವ್ಯವಹಾರದಲ್ಲಿ. ಶೇ. 8.5ರ ಬಡ್ಡಿಗೆ, 20 ವರ್ಷಕ್ಕೆ 30 ಲಕ್ಷ ಸಾಲ ತೆಗೆದವರ ಕಂತು ಸುಮಾರು 26,035 ರೂಪಾಯಿ. ಎಸ್ಸೆಮ್ಮೆಸ್ ನೋಡಿದ ಆ್ಯಪ್ ಅಷ್ಟನ್ನೂ ಖರ್ಚೆಂದು ಬರೆದುಬಿಡಬಹುದು. ವಾಸ್ತವದಲ್ಲಿ ಮೊದಲ ಕಂತಿನ 21,250 ಮಾತ್ರ ಬಡ್ಡಿ. ಉಳಿದ 4,785 ರೂಪಾಯಿ ಸಾಲವನ್ನು ಇಳಿಸಿದ ಹಣ. ಜೋಡಿ ನಮೂದಿನ ಪದ್ಧತಿಯ ಗ್ನೂಕ್ಯಾಶ್‌ನಲ್ಲಿ ಈ ಎರಡನ್ನೂ ಬೇರೆ ಬೇರೆ ಖಾತೆಗೆ ಹಾಕುತ್ತೇವೆ. ಕಿರ್ದಿ, ಖತಾವಣಿ ಬರೆದು ಬಲ್ಲ ಅಂಗಡಿಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ತಿಂಗಳ ಕೊನೆಗೆ ಎಷ್ಟು ಹೋಯಿತು ಎಂಬುದರ ಜೊತೆಗೆ ಎಷ್ಟು ನಮ್ಮದಾಯಿತು ಎಂಬುದೂ ತಿಳಿಯುತ್ತದೆ.

ಆದರೆ ಈ ಶಿಸ್ತು ಮನೆಯಲ್ಲಿ ಒಬ್ಬರಿಗೇ ಗಂಟುಬೀಳುತ್ತದೆ. ಯಾವ ಖಾತೆ ಎಲ್ಲಿದೆ, ಯಾವ ನಮೂದು ಏಕೆ ಎಂಬುದು ಅವರಿಗಷ್ಟೇ ಗೊತ್ತು. ಅವರು ಆಸ್ಪತ್ರೆ ಸೇರಿದ ದಿನ ಉಳಿದವರಿಗೆ ಆ ಫೈಲು ಇದ್ದೂ ಇಲ್ಲದಂತೆ. ಲೆಕ್ಕ ನಮ್ಮ ಲ್ಯಾಪ್‌ಟಾಪಿನಲ್ಲಿದೆ ಎಂದಾಕ್ಷಣ ಸುರಕ್ಷಿತ ಎನ್ನಲೂ ಆಗದು. ಬ್ಯಾಕಪ್ ಇಲ್ಲದೆ ಹಾರ್ಡ್‌ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು. ಇದಕ್ಕೆ ಹೋಲಿಸಿದರೆ ಗಂಡಹೆಂಡಿರಿಬ್ಬರೂ ತೆರೆದು ನೋಡಬಲ್ಲ ಅರೆಬರೆ ಆ್ಯಪ್‌ ವಾಸಿ ಎನ್ನುವ ವಾದಕ್ಕೆ ಸುಲಭದ ಉತ್ತರವಿಲ್ಲ.

ಬಾಳಿಕೆಯ ಪ್ರಶ್ನೆಯಲ್ಲಿ ತಕ್ಕಡಿ ಮತ್ತೆ ಕೈಯಾರೆ ಬರೆದ ಲೆಕ್ಕದ ಕಡೆ ವಾಲುತ್ತದೆ. ಮೈಕ್ರೋಸಾಫ್ಟ್ ಮನಿಯ ಮಾರಾಟ 2009ರಲ್ಲಿ ನಿಂತಿತು. ಅಮೆರಿಕದಲ್ಲಿ ಬಹುಜನಪ್ರಿಯವಾಗಿದ್ದ ಮಿಂಟ್ ಅನ್ನು ಇಂಟ್ಯೂಟ್ ಕಂಪನಿ 2024ರ ಮಾರ್ಚ್‌ನಲ್ಲಿ ಮುಚ್ಚಿತು. ನಮ್ಮಲ್ಲಿ ಎಸ್ಸೆಮ್ಮೆಸ್ ಓದಿ ಖರ್ಚು ತೋರಿಸುತ್ತಿದ್ದ ವಾಲ್‌ನಟ್ ಅನ್ನು 2018ರಲ್ಲಿ ಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ಕೊಡುವ ಸಂಸ್ಥೆ. ಇದರಲ್ಲಿ ಅಕ್ರಮವೇನಿಲ್ಲ. ಬಳಸುವವರು ದುಡ್ಡು ಕೊಡದಿದ್ದರೆ ಆ್ಯಪ್ ಬೇರೆಲ್ಲಿಂದಲಾದರೂ ಸಂಪಾದಿಸಲೇಬೇಕು, ಮತ್ತು ಖರ್ಚಿನ ವಿವರ ಗೊತ್ತಿರುವವರಿಗೆ ಸಾಲ ಮಾರುವುದು ಸುಲಭ. ಗ್ನೂಕ್ಯಾಶ್ ತೊಂಬತ್ತರ ದಶಕದಿಂದ ಸ್ವಯಂಸೇವಕರ ದುಡಿಮೆಯಲ್ಲಿ ನಡೆದುಬಂದಿದೆ. ಆದರೆ ಅಡಚಣೆಯಾದರೆ ಫೋನ್ ಮಾಡಿ ಕೇಳಲು ಅಲ್ಲಿ ಯಾರೂ ಇಲ್ಲ.

ಒಂದೇ ಸಂಬಳ, ಸಾಲವಿಲ್ಲದ ಸಂಸಾರಕ್ಕೆ ಆ್ಯಪ್ ಒಂದೇ ಸಾಕಾದೀತು. ಗೃಹಸಾಲ, ಬಾಡಿಗೆ, ಊರಿನ ತೋಟದ ಹುಟ್ಟುವಳಿ, ಚೀಟಿ ಎಲ್ಲ ಕೂಡಿದ ಮನೆಗೆ ಎರಡನ್ನೂ ಮಿತವಾಗಿ ಬಳಸುವುದು ಮೇಲೆಂದು ತೋರುತ್ತದೆ. ಚಿಲ್ಲರೆ ಖರ್ಚನ್ನು ಆ್ಯಪ್ ಒಟ್ಟುಹಾಕಲಿ, ಸಾಧ್ಯವಾದಷ್ಟೂ ಎಸ್ಸೆಮ್ಮೆಸ್ ಬದಲು ಅಗ್ರಿಗೇಟರ್ ಮೂಲಕ. ತಿಂಗಳಿಗೊಮ್ಮೆ ಅದರ ಮೊತ್ತವನ್ನೂ, ಸಂಬಳ, ಕಂತಿನ ಬಡ್ಡಿ ಮತ್ತು ಅಸಲು, ಉಳಿತಾಯ, ಕೊಟ್ಟ ತಂದ ಸಾಲಗಳನ್ನೂ ಹತ್ತು ಹದಿನೈದು ಸಾಲುಗಳಲ್ಲಿ ನಮ್ಮದೇ ಫೈಲಿಗೆ ಇಳಿಸಿ, ಅದರ ಒಂದು ಪ್ರತಿಯನ್ನು ಮನೆಯ ಇನ್ನೊಬ್ಬರ ಬಳಿ ಇಡಬಹುದು. ಆ್ಯಪ್ ಆರಿಸುವ ಮೊದಲು ಅದು ಲೆಕ್ಕವನ್ನು ಸಿಎಸ್‌ವಿ ಫೈಲಾಗಿ ಹೊರಗೆ ಕೊಡುತ್ತದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಏಪ್ರಿಲ್ ಒಂದರಿಂದ ಶುರುಮಾಡಿದರೆ ತೆರಿಗೆ ವಿವರ ಸಲ್ಲಿಸುವಾಗಲೂ ಅದೇ ಲೆಕ್ಕ ಒದಗುತ್ತದೆ.