ರನ್ ಆಯ್ತು, ಸರಿ ಆಯ್ತಾ?

ಹೊಸ ಎಐ ಮಾಡೆಲ್ ಹೊರಬಂದ ದಿನ ಅದರ ಬೆನ್ನಿಗೇ ಒಂದು ಪಟ್ಟಿಯೂ ಬರುತ್ತದೆ. ಒಂದು ಕಡೆ ಹೆಸರುಗಳು, ಇನ್ನೊಂದು ಕಡೆ ಅಂಕಗಳು, ತಮ್ಮ ಸರಕಿನ ಸಾಲಿಗೆ ಮಾತ್ರ ದಪ್ಪ ಅಕ್ಷರ. ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟ್ ಪುಣೆಯ ಹಿಂಜವಡಿಯಿಂದ ಚೆನ್ನೈನ ಓಎಂಆರ್‌ವರೆಗೆ ಆಫೀಸ್ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿರುತ್ತದೆ. ಮರುವಾರ ಯಾವುದೋ ಮೀಟಿಂಗಿನಲ್ಲಿ ಮ್ಯಾನೇಜರ್ ಒಬ್ಬರು "ಇದು ಎರಡು ಪರ್ಸೆಂಟ್ ಜಾಸ್ತಿ ಇದೆಯಂತೆ, ಇದಕ್ಕೇ ಬದಲಾಯಿಸೋಣ" ಎನ್ನುತ್ತಾರೆ. ಅಲ್ಲಿಗೆ ಒಂದಿಡೀ ತಂಡದ ಕೆಲಸದ ರೀತಿ ಬದಲಾಯಿತು. ಮಾರ್ಕೆಟ್ಟಿನಲ್ಲಿ ಬದನೆಕಾಯಿಯನ್ನೂ ತಿರುಗಿಸಿ, ತೂತು ಇದೆಯೇ ಎಂದು ನೋಡಿ ಬುಟ್ಟಿಗೆ ಹಾಕುವ ಜನ ಇಲ್ಲಿ ಮಾತ್ರ ಅಂಗಡಿಯವನೇ ಬರೆದ ಚೀಟಿಯನ್ನು ನಂಬಿಬಿಡುತ್ತಾರೆ.

ಕೋಡ್ ಬರೆದು, ತಾವೇ ಓಡಿಸಿ, ದೋಷ ಬಂದರೆ ತಾವೇ ತಿದ್ದಿ ಮತ್ತೆ ಓಡಿಸುವ ಟೂಲ್‌ಗಳು ಈಗ ಬೇಕಾದಷ್ಟಿವೆ. ಚಾಟ್‌ಜಿಪಿಟಿಯ ಕೋಡ್ ಇಂಟರ್‌ಪ್ರಿಟರ್ 2023ರ ಜುಲೈನಲ್ಲಿ ಹಣ ಕೊಡುವ ಚಂದಾದಾರರಿಗೆ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಆಂಥ್ರೋಪಿಕ್‌ನ ಕ್ಲಾಡ್ ಕೋಡ್ ಬಂತು, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ. ಅತ್ತ ಕರ್ಸರ್, ಇತ್ತ ರೆಪ್ಲಿಟ್. ದುಡ್ಡು ಕೊಡುವವರು ಇವುಗಳನ್ನು ಹೋಲಿಸಿ ನೋಡಲೇಬೇಕು. ಆದರೆ ಹೋಲಿಕೆ ಎಂಬ ಹೆಸರಿನಲ್ಲಿ ಈಗ ನಡೆಯುತ್ತಿರುವುದು ಬಹುಪಾಲು ಜಾಹೀರಾತು. ಅದರ ಆಧಾರದ ಮೇಲೆ ಬೇರೆಯವರ ಕೆಲಸದ ಬಗ್ಗೆ ನಿರ್ಧಾರ ಮಾಡುವುದು ಹೊಣೆಗೇಡಿತನ.

ಆ ಅಂಕಗಳು ಎಲ್ಲಿಂದ ಬರುತ್ತವೆ? 2021ರಲ್ಲಿ ಓಪನ್‌ಎಐ ತನ್ನ ಕೋಡೆಕ್ಸ್ ಮಾಡೆಲನ್ನು ಅಳೆಯಲು ಹ್ಯೂಮನ್‌ಎವಾಲ್ ಎಂಬ 164 ಪ್ರೋಗ್ರಾಮಿಂಗ್ ಲೆಕ್ಕಗಳ ಕಂತೆ ಮಾಡಿತು. ಒಂದೇ ಸಲ ಉತ್ತರ ಕೇಳಿದಾಗ ಕೋಡೆಕ್ಸ್ ಬಿಡಿಸಿದ್ದು ಶೇ. 28.8. ಒಂದೊಂದು ಲೆಕ್ಕಕ್ಕೂ ನೂರು ಉತ್ತರ ಬರೆಸಿ, ಅದರಲ್ಲಿ ಒಂದು ಸರಿಯಿದ್ದರೂ ಪಾಸು ಎಂದಾಗ ಅಂಕ ಶೇ. 70 ದಾಟಿತು. ಎಣಿಸುವ ರೀತಿ ಬದಲಾದರೆ ಸಾಕು, ಹುಡುಗ ಫೇಲಿನಿಂದ ಫಸ್ಟ್ ಕ್ಲಾಸಿಗೆ ಬರುತ್ತಾನೆ.

2023ರ ಅಕ್ಟೋಬರ್‌ನಲ್ಲಿ ಎಸ್‌ಡಬ್ಲ್ಯುಇ-ಬೆಂಚ್ ಬಂತು. ಪ್ರಿನ್ಸ್‌ಟನ್‌ನ ಸಂಶೋಧಕರ ಈ ಪ್ರಯತ್ನ ಪ್ರಾಮಾಣಿಕವಾದದ್ದೇ. 12 ಪೈಥಾನ್ ಓಪನ್ ಸೋರ್ಸ್ ಯೋಜನೆಗಳಲ್ಲಿ ನಿಜಕ್ಕೂ ದಾಖಲಾದ 2,294 ಸಮಸ್ಯೆಗಳನ್ನು ಅವರು ಆಯ್ದುಕೊಂಡರು. ಆಗ ಮುಂದಿದ್ದ ಕ್ಲಾಡ್ 2 ಬಿಡಿಸಿದ್ದು ಬರೀ ಶೇ. 1.96. ಮುಂದಿನ ವರ್ಷ ಓಪನ್‌ಎಐ 93 ಪ್ರೋಗ್ರಾಮರ್‌ಗಳನ್ನು ಕೂರಿಸಿ ಅದರಲ್ಲಿ 1,699 ಪ್ರಶ್ನೆಗಳನ್ನು ಪರಿಶೀಲಿಸಿದಾಗ, ಪ್ರಶ್ನೆಯೇ ಅಸ್ಪಷ್ಟ ಅಥವಾ ಸರಿಯುತ್ತರವನ್ನೂ ತಪ್ಪೆನ್ನುವ ಪರೀಕ್ಷೆ ಎಂಬಂಥ ಕಾರಣಗಳಿಗೆ ಶೇ. 68.3ರಷ್ಟನ್ನು ತೆಗೆದುಹಾಕಬೇಕಾಯಿತು. ಉಳಿದದ್ದರಿಂದ ಆಯ್ದ 500 ಪ್ರಶ್ನೆಗಳ 'ವೆರಿಫೈಡ್' ಕಂತೆಯೇ ನಂತರದ ಬಹುತೇಕ ಪಟ್ಟಿಗಳ ಬುನಾದಿ. ಅದರಲ್ಲಿ 231 ಪ್ರಶ್ನೆಗಳು ಜ್ಯಾಂಗೋ ಎಂಬ ಒಂದೇ ಯೋಜನೆಯವು. ಜ್ಯಾಂಗೋ ರಿಪೇರಿ ಮಾಡುವವರಿಗೆ ಒಳ್ಳೆಯ ಸುದ್ದಿ. ಬ್ಯಾಂಕಿನ ಹಳೇ ಜಾವಾ ಕೋಡ್ ಕಾಯುತ್ತ ಹೈದರಾಬಾದಿನಲ್ಲಿ ಕುಳಿತವರಿಗೆ ಅದರಿಂದ ಏನು ಗೊತ್ತಾಗಬೇಕು?

ಇದಕ್ಕಿಂತ ಸ್ವಾರಸ್ಯದ ಸಂಗತಿ 2025ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಪರೀಕ್ಷೆಗೆ ಕೊಟ್ಟ ಕೋಡಿನ ಕಡತದಲ್ಲೇ ಗಿಟ್ ಇತಿಹಾಸದ ಮುಂದಿನ ಬದಲಾವಣೆಗಳೂ ಉಳಿದಿದ್ದವು. ಕೆಲವು ಮಾಡೆಲ್‌ಗಳು ಕೆಲವು ಸಲ ಆ ಇತಿಹಾಸ ತೆರೆದು ಮನುಷ್ಯರು ಮಾಡಿದ್ದ ಪರಿಹಾರವನ್ನೇ ಓದಿಕೊಂಡಿದ್ದವು. ಪರೀಕ್ಷಾ ಕೊಠಡಿಯ ಡೆಸ್ಕಿನಡಿ ಉತ್ತರಪತ್ರಿಕೆ ಇಟ್ಟವರು ಯಂತ್ರಗಳಲ್ಲ ನಿಜ, ಆದರೆ ಶೇಕಡಾ ಒಂದೆರಡರ ವ್ಯತ್ಯಾಸಕ್ಕೆ ಪಟಾಕಿ ಹೊಡೆಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇಷ್ಟಾದರೂ ಅಂಕಪಟ್ಟಿಯ ದೋಷ ದೊಡ್ಡ ದೋಷವಲ್ಲ. ಪಟ್ಟಿಯನ್ನು ಸುಧಾರಿಸಬಹುದು. 'ಕೋಡ್ ತಪ್ಪಿಲ್ಲದೆ ಓಡಿತು, ಆದ್ದರಿಂದ ಸರಿಯಾಗಿದೆ' ಎಂಬ ನಂಬಿಕೆ ಅದಕ್ಕಿಂತ ಅಪಾಯಕಾರಿ. ಕೋಡನ್ನು ತಾವೇ ಓಡಿಸುವ ಟೂಲ್‌ಗಳು ಈ ನಂಬಿಕೆಯನ್ನೇ ಮಾರುತ್ತಿವೆ.

ಕನ್ನಡದ್ದೇ ಉದಾಹರಣೆ ನೋಡಬಹುದು. ಒಂದು ಕನ್ನಡ ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಪೈಥಾನ್‌ನಲ್ಲಿ ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವುದು, ಪದದ ಅಕ್ಷರಗಳನ್ನೆಲ್ಲ ಹಿಡಿಯುತ್ತದೆಂದು ಪಠ್ಯಪುಸ್ತಕ ಹೇಳುವ ಒಂದು ಚಿಕ್ಕ ರೆಜೆಕ್ಸ್ ಗುರುತು. ಇಂಗ್ಲಿಷಿಗೆ ಅದು ಚೆನ್ನಾಗಿಯೇ ದುಡಿಯುತ್ತದೆ. ಕನ್ನಡದ ಸ್ವರಚಿಹ್ನೆಗಳೂ ವಿರಾಮಚಿಹ್ನೆಯೂ ಪೈಥಾನ್‌ನ ಆ ಗುರುತಿಗೆ ಅಕ್ಷರಗಳೇ ಅಲ್ಲ. ಹಾಗಾಗಿ 'ಕರ್ನಾಟಕ' ಎಂಬ ಒಂದು ಪದ ಒಳಗೆ ಹೋಗಿ 'ಕರ', 'ನ', 'ಟಕ' ಎಂಬ ಮೂರು ತುಂಡಾಗಿ ಹೊರಬರುತ್ತದೆ. ಎಲ್ಲೂ ದೋಷದ ಸಂದೇಶವಿಲ್ಲ. ಹಸಿರು ಟಿಕ್ ಬೀಳುತ್ತದೆ, ಅಂದದ ಗ್ರಾಫ್ ಬರುತ್ತದೆ, ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ 'ನ' ಎಂಬ ಸಂಶೋಧನೆಯೂ ಆಗಿಬಿಡಬಹುದು. ಟೂಲ್ ತಾನೇ ಪರೀಕ್ಷೆ ಬರೆದುಕೊಳ್ಳುತ್ತದಲ್ಲ ಎಂದರೆ, ಅದು 'ಹಲೋ ವರ್ಲ್ಡ್' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡರೆ ಆ ಪರೀಕ್ಷೆಯೂ ಪಾಸೇ. ಪ್ರಶ್ನೆಪತ್ರಿಕೆ ತೆಗೆದವನು, ಉತ್ತರ ಬರೆದವನು, ಮೌಲ್ಯಮಾಪನ ಮಾಡಿದವನು ಎಲ್ಲ ಒಬ್ಬನೇ ಆದಾಗ ರ‍್ಯಾಂಕ್ ಬರದೆ ಇರುತ್ತದೆಯೇ?

ಕನ್ನಡದ ಅಂಕಿಗಳ ಕಥೆ ಇನ್ನೂ ತಮಾಷೆ. '೧೨' ಎಂದು ಕೊಟ್ಟರೆ ಪೈಥಾನ್ ಅದನ್ನು ಹನ್ನೆರಡು ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ. ಪೈಥಾನ್ ಓಡಿಸುವ ಟೂಲ್ ಒಂದು, ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಓಡಿಸುವ ಟೂಲ್ ಇನ್ನೊಂದು ಇದ್ದರೆ, ಒಂದೇ ಪ್ರಶ್ನೆಗೆ ಎರಡು ಉತ್ತರ ಬರುವುದು ಯಾರ ಜಾಣತನದ ಹೆಚ್ಚುಕಡಿಮೆಯಿಂದಲೂ ಅಲ್ಲ.

ಭಾಷೆಯ ಗೊಡವೆ ಇಲ್ಲದವರಿಗೆ ಲೆಕ್ಕದ ಉದಾಹರಣೆ. ಮಾಟುಂಗಾದ ಒಂದು ಉಡುಪಿ ಹೋಟೆಲಿನ ಖರೀದಿ ಬಿಲ್ಲುಗಳು ಎಕ್ಸೆಲ್‌ನಲ್ಲಿವೆ ಎಂದಿಟ್ಟುಕೊಳ್ಳೋಣ. ತಿಂಗಳವಾರು ಮೊತ್ತ ಬೇಕು, ಜಿಎಸ್‌ಟಿ ರಿಟರ್ನ್‌ಗೆ. ಮೊದಲ ಸಾಲಿನ ತಾರೀಖು 04/05/2025. ಮುಂಬೈಯಲ್ಲಿ ಯಾರನ್ನು ಕೇಳಿದರೂ ಅದು ಮೇ ನಾಲ್ಕು. ಇಂಥ ಪಠ್ಯವನ್ನು ತಾರೀಖಾಗಿಸಲು ಬಹುತೇಕ ಎಲ್ಲರೂ ಬಳಸುವ ಪಾಂಡಾಸ್ ಲೈಬ್ರರಿ, ಬೇರೆ ಹೇಳದಿದ್ದರೆ, ಅಮೆರಿಕದ ರೂಢಿಯಂತೆ ಅದನ್ನು ಏಪ್ರಿಲ್ ಐದು ಎಂದು ಓದುತ್ತದೆ. ಇಲ್ಲಿ ಒಂದು ಅದೃಷ್ಟವಿದೆ. ಪಾಂಡಾಸ್‌ನ ಈಗಿನ ಆವೃತ್ತಿಗಳು ಮೊದಲ ಸಾಲಿನ ರೀತಿಯನ್ನೇ ಉಳಿದ ಸಾಲುಗಳಿಗೂ ಹಚ್ಚುವುದರಿಂದ 13/05/2025 ಎದುರಾದ ಕೂಡಲೇ ಹದಿಮೂರನೇ ತಿಂಗಳು ಯಾವುದಪ್ಪಾ ಎಂದು ಪ್ರೋಗ್ರಾಂ ಕೈಚೆಲ್ಲಿ ನಿಲ್ಲುತ್ತದೆ. ಇಡೀ ವ್ಯವಹಾರದಲ್ಲಿ ಸತ್ಯ ಹೇಳಿದ್ದು ಆ ದೋಷ ಸಂದೇಶ ಒಂದೇ.

ಟೂಲ್‌ನ ಕೆಲಸವೋ ದೋಷವನ್ನು ಹೋಗಲಾಡಿಸುವುದು. ಅದಕ್ಕೆ ಮೂರು ದಾರಿಗಳಿವೆ. ದಿನ ಮೊದಲು ಬರುತ್ತದೆ ಎಂದು ತಿಳಿಸುವುದು ಒಂದು, ಅದು ಸರಿಯಾದ ದಾರಿ. ಓದಲಾಗದ ತಾರೀಖುಗಳನ್ನು ಖಾಲಿ ಬಿಡು ಎನ್ನುವುದು ಇನ್ನೊಂದು. ಆಗ ಹದಿಮೂರರಿಂದ ಮೂವತ್ತೊಂದರವರೆಗಿನ ಬಿಲ್ಲುಗಳೆಲ್ಲ ಸದ್ದಿಲ್ಲದೆ ಲೆಕ್ಕದಿಂದ ಬಿದ್ದುಹೋಗುತ್ತವೆ. ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಊಹಿಸು ಎನ್ನುವುದು ಮೂರನೆಯದು. ಆಗ ಹದಿಮೂರನೇ ತಾರೀಖಿನ ಬಿಲ್ಲು ಮೇ ತಿಂಗಳಲ್ಲೇ ಇರುತ್ತದೆ, ನಾಲ್ಕನೇ ತಾರೀಖಿನದು ಏಪ್ರಿಲ್‌ಗೆ ಹಾರುತ್ತದೆ. ಮೂರೂ ದಾರಿಯಲ್ಲಿ ಕೋಡ್ ಓಡುತ್ತದೆ, ಮೂರರಲ್ಲೂ ಟೇಬಲ್ ಬರುತ್ತದೆ, 'ಸಮಸ್ಯೆ ಬಗೆಹರಿಯಿತು' ಎಂಬ ಉಲ್ಲಾಸದ ಒಂದು ವಾಕ್ಯವೂ ಬರುತ್ತದೆ. ನೋಟಿಸ್ ಬರುವುದು ಹೋಟೆಲಿನವರ ಹೆಸರಿಗೆ.

ಎಷ್ಟು ಬೇಗ ಮುಗಿಸಿತು ಎಂದು ಅಳೆಯುವ ಹೋಲಿಕೆಯಲ್ಲಿ ಈ ಮೂರು ದಾರಿಗಳಿಗೂ ಸಮಾನ ಅಂಕ.

ಇನ್ನು ಕೋಡ್ ಓಡುವ ಜಾಗದ ಮಾತು. ಕೋಡ್ ಇಂಟರ್‌ಪ್ರಿಟರ್ ಓಡುವುದು ಕಂಪನಿಯವರದೇ ಬೇಲಿ ಹಾಕಿದ ಅಂಗಳದಲ್ಲಿ. ಅಲ್ಲಿ ಏನೇ ಕೆಟ್ಟರೂ ಹೋಗುವುದು ಅಪ್‌ಲೋಡ್ ಮಾಡಿದ ನಕಲು ಮಾತ್ರ. ಟರ್ಮಿನಲ್‌ನಲ್ಲಿ ಕೂರುವ ಟೂಲ್‌ಗಳು ಓಡುವುದು ಬಳಕೆದಾರರದೇ ಕಂಪ್ಯೂಟರಿನಲ್ಲಿ, ಅವರದೇ ಅಧಿಕಾರದಲ್ಲಿ. ಡ್ರೈವಿಂಗ್ ಸ್ಕೂಲಿನ ಮೈದಾನದಲ್ಲಿ ಓಡಿಸಿದವನನ್ನೂ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದವನನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿ ಯಾರ ವೇಗ ಹೆಚ್ಚು ಎಂದು ಕೇಳಿದಂತಾಯಿತು. ಕ್ಲಾಡ್ ಕೋಡ್‌ನಲ್ಲಿ ಅನುಮತಿ ಕೇಳುವುದನ್ನು ಪೂರ್ತಿ ನಿಲ್ಲಿಸುವ ಆಯ್ಕೆಯ ಹೆಸರಿನಲ್ಲೇ 'ಡೇಂಜರಸ್ಲಿ' ಎಂಬ ಪದವಿದೆ. ಇಟ್ಟವರು ಎಚ್ಚರಿಸಿಯೇ ಇಟ್ಟಿದ್ದಾರೆ. ವೇಗದ ಚಪಲಕ್ಕೆ ಅದನ್ನು ಒತ್ತುವವರಿಗೆ ಮಾತ್ರ ಆ ಪದ ಕಾಣಿಸುವುದಿಲ್ಲ.

2025ರ ಜುಲೈ ಒಂದೇ ತಿಂಗಳಲ್ಲಿ ಎರಡು ಪ್ರಸಂಗಗಳು ಸುದ್ದಿಯಾದವು. ಸಾಸ್ಟರ್ ಸ್ಥಾಪಕ ಜೇಸನ್ ಲೆಮ್ಕಿನ್ ಅವರು ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ರೆಪ್ಲಿಟ್‌ನ ಏಜೆಂಟ್ ಸಾವಿರಕ್ಕೂ ಹೆಚ್ಚು ಜನರ ವಿವರವಿದ್ದ ಅವರ ಚಾಲ್ತಿ ಡೇಟಾಬೇಸನ್ನು ಅಳಿಸಿಹಾಕಿತು. ಆಮೇಲೆ ಅದನ್ನು ಮರಳಿ ಪಡೆಯಲು ಸಾಧ್ಯವಿಲ್ಲ ಎಂದೂ ಹೇಳಿತು. ಅವರು ತಾವೇ ಪ್ರಯತ್ನಿಸಿದಾಗ ಡೇಟಾ ಮರಳಿ ಬಂತು. ರೆಪ್ಲಿಟ್‌ನ ಮುಖ್ಯಸ್ಥ ಅಮ್ಜದ್ ಮಸಾದ್ ಕ್ಷಮೆ ಕೇಳಿದರು. ಪ್ರಯೋಗದ ಡೇಟಾಬೇಸನ್ನೂ ಚಾಲ್ತಿಯದನ್ನೂ ಬೇರ್ಪಡಿಸುವ ವ್ಯವಸ್ಥೆ ತರುವುದಾಗಿ ಹೇಳಿದರು. ಈ ವಿವೇಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೊದಲ ವರ್ಷದ ಹುಡುಗರಿಗೂ ಹೇಳಿಕೊಡುವಷ್ಟು ಹಳೆಯದು.

ಇನ್ನೊಂದು ಜೆಮಿನಿ ಸಿಎಲ್‌ಐ ಬಳಸಿದ ಒಬ್ಬರದು. ಫೈಲುಗಳನ್ನು ಹೊಸ ಫೋಲ್ಡರಿಗೆ ಸಾಗಿಸಲು ಅವರು ಹೇಳಿದರು. ಫೋಲ್ಡರ್ ಸೃಷ್ಟಿಯಾಗಲೇ ಇಲ್ಲ, ಆದರೆ ಆಯಿತೆಂದೇ ಟೂಲ್ ಭಾವಿಸಿತು. ವಿಂಡೋಸ್‌ನಲ್ಲಿ ಇಲ್ಲದ ಫೋಲ್ಡರಿಗೆ ಫೈಲ್ ಸಾಗಿಸಿದರೆ ಫೈಲಿನ ಹೆಸರೇ ಬದಲಾಗಿ ಆ ಫೋಲ್ಡರಿನ ಹೆಸರಾಗುತ್ತದೆ. ಎರಡನೇ ಫೈಲ್ ಮೊದಲನೆಯದರ ಮೇಲೆ ಕೂತಿತು, ಮೂರನೆಯದು ಎರಡನೆಯದರ ಮೇಲೆ. ಕೊನೆಗೆ ಉಳಿದದ್ದು ಒಂದು. 'ಫೋಲ್ಡರ್ ಇದೆಯಾ' ಎಂದು ಒಮ್ಮೆ ತಿರುಗಿ ನೋಡಿದ್ದರೆ ಮುಗಿದಿತ್ತು. ತಾನು ಮಾಡಿದ್ದನ್ನು ತಿರುಗಿ ನೋಡುವ ಅಭ್ಯಾಸ ಯಾವ ಟೂಲ್‌ಗೆ ಎಷ್ಟಿದೆ ಎಂಬುದು ಹೋಲಿಕೆಯ ಮೊದಲ ಕಾಲಂ ಆಗಬೇಕಿತ್ತು.

ಇದಕ್ಕೆ ಬರುವ ಉತ್ತರ ಗೊತ್ತಿರುವುದೇ: 'ತಪ್ಪು ಮನುಷ್ಯರೂ ಮಾಡುತ್ತಾರೆ, ಆದರೆ ಸಮಯ ಎಷ್ಟು ಉಳಿಯುತ್ತದೆ ನೋಡಿ.' ಈ ಮಾತಿಗೆ ಪೂರ್ತಿ ಬೆಲೆ ಇಲ್ಲವೆಂದಲ್ಲ. ಬಿಸಾಡುವ ಚಿಕ್ಕ ಸ್ಕ್ರಿಪ್ಟ್, ಗೊತ್ತಿಲ್ಲದ ಭಾಷೆಯಲ್ಲಿ ಮೊದಲ ಹೆಜ್ಜೆ, ಬೇಸರದ ಫಾರ್ಮ್‌ಗಳು, ಇಲ್ಲೆಲ್ಲ ಈ ಟೂಲ್‌ಗಳು ನಿಜಕ್ಕೂ ಉಪಕಾರಿ. ಆದರೆ ಉಳಿಯಿತು ಎನ್ನುವ ಸಮಯವನ್ನು ಗಡಿಯಾರ ಹಿಡಿದು ಅಳೆದವರು ಎಷ್ಟು ಜನ? ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ ಅಳೆಯಿತು. 16 ಅನುಭವಿ ಓಪನ್ ಸೋರ್ಸ್ ಪ್ರೋಗ್ರಾಮರ್‌ಗಳು, ತಾವೇ ವರ್ಷಗಟ್ಟಲೆ ದುಡಿದ ಯೋಜನೆಗಳು, 246 ಕೆಲಸಗಳು. ಎಐ ಇದ್ದರೆ ಶೇ. 24ರಷ್ಟು ಸಮಯ ಉಳಿಯುತ್ತದೆ ಎಂದು ಮೊದಲು ಅವರ ಅಂದಾಜು. ಮುಗಿಸಿದ ಮೇಲೂ ಶೇ. 20ರಷ್ಟು ಉಳಿಯಿತು ಎಂದೇ ಅವರ ನಂಬಿಕೆ. ಗಡಿಯಾರದ ಪ್ರಕಾರ ಶೇ. 19ರಷ್ಟು ಹೆಚ್ಚು ಹಿಡಿದಿತ್ತು. ಜನ ಕಡಿಮೆ, ಟೂಲ್‌ಗಳು ಈಗ ಹಳೆಯವು, ಅನುಭವವಿಲ್ಲದವರ ಫಲಿತಾಂಶ ಬೇರೆ ಇರಬಹುದು, ಇವೆಲ್ಲ ಒಪ್ಪತಕ್ಕ ಆಕ್ಷೇಪಗಳೇ. ಆದರೂ ಒಂದು ಸಂಗತಿ ಅಲುಗುವುದಿಲ್ಲ: ಪಳಗಿದ ಕೈಗಳಿಗೇ ತಮ್ಮ ವೇಗ ತಿಳಿಯಲಿಲ್ಲ. ಹಾಗಿರುವಾಗ 'ನನಗೆ ಇದು ಫಾಸ್ಟ್ ಅನ್ನಿಸ್ತು' ಎಂಬ ಯೂಟ್ಯೂಬ್ ತೀರ್ಪಿನ ಮೇಲೆ ಕಂಪನಿಗಳು ಲೈಸೆನ್ಸ್ ಕೊಳ್ಳುವುದು ಯಾವ ಲೆಕ್ಕ?

ಇದರ ಹೊರೆ ಬೀಳುವುದು ಆಯ್ಕೆ ಮಾಡಿದವರ ಮೇಲಲ್ಲ. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಓದು ಮುಗಿಸಿ ಪುಣೆಗೋ ಗುರುಗ್ರಾಮಕ್ಕೋ ಹೋದ ಹುಡುಗಿಗೆ ಮೊದಲ ವರ್ಷದಲ್ಲಿ ಸಿಗುತ್ತಿದ್ದದ್ದು ಚಿಕ್ಕಪುಟ್ಟ ದೋಷ ಸರಿಪಡಿಸುವ ಕೆಲಸ. ಆ ಕೆಲಸದಲ್ಲೇ ಕೈ ಪಳಗುತ್ತಿತ್ತು. ಈಗ ಅದನ್ನು ಟೂಲ್‌ಗೆ ಕೊಟ್ಟು, ಅದು ಸುರಿದ ನೂರಾರು ಸಾಲು ಓದಿ ಒಪ್ಪಿಗೆ ಕೊಡುವ ಕೆಲಸ ಅವಳಿಗೆ. ಓದಿ ತಪ್ಪು ಹಿಡಿಯಲು ಬೇಕಾದದ್ದು ಹತ್ತು ವರ್ಷದ ಕಣ್ಣು, ಕೊಟ್ಟಿರುವುದು ಹತ್ತು ನಿಮಿಷ. ಕ್ಲಾಡ್ ಕೋಡ್ ತಾನು ಸೇರಿಸಿದ ಬದಲಾವಣೆಗೆ ಸಹಲೇಖಕ ಎಂದು ತನ್ನ ಹೆಸರನ್ನೂ ಹಾಕಿಕೊಳ್ಳುತ್ತದೆ. ಸರ್ವರ್ ಬಿದ್ದಾಗ ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ಆ ಸಹಲೇಖಕನಿಗಲ್ಲ.

ಆದ್ದರಿಂದ ಹೋಲಿಕೆಯನ್ನು ಕೆಲಸ ಮಾಡುವವರೇ ಮಾಡಬೇಕು, ತಮ್ಮದೇ ಸರಕಿನಿಂದ. ಕಳೆದ ವರ್ಷ ತಂಡ ಕೈಯಾರೆ ಬಿಡಿಸಿದ, ಸರಿಯುತ್ತರ ಖಚಿತವಾಗಿ ಗೊತ್ತಿರುವ ಇಪ್ಪತ್ತು ಕೆಲಸಗಳು ಸಾಕು. ಪರೀಕ್ಷೆಗಳನ್ನು ಮನುಷ್ಯರು ಮೊದಲೇ ಬರೆದು ಟೂಲ್‌ಗೆ ಕಾಣದಂತೆ ಇಡಬೇಕು. ಒಂದೊಂದನ್ನೂ ಮೂರು ಸಲ ಓಡಿಸಬೇಕು, ಏಕೆಂದರೆ ಇವು ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳುವ ಜಾತಿಯವು. ಟೂಲ್ ತೆಗೆದುಕೊಂಡ ನಿಮಿಷಗಳ ಪಕ್ಕದಲ್ಲಿ ಅದನ್ನು ಪರಿಶೀಲಿಸಲು ಮನುಷ್ಯರು ತೆಗೆದುಕೊಂಡ ನಿಮಿಷಗಳೂ ಬರಬೇಕು. ಕೇಳದೆ ಮುಟ್ಟಿದ ಫೈಲುಗಳೆಷ್ಟು, ಮಾಡಿದ್ದನ್ನು ಹಿಂದಕ್ಕೆ ತರಲು ಆಯಿತೇ ಎಂಬುದೂ ಬರಬೇಕು. ಒಂದು ಶನಿವಾರದ ಕೆಲಸ.

ಆ ಇಪ್ಪತ್ತರಲ್ಲಿ ಎರಡು ಮೂರು ಪ್ರಶ್ನೆಗಳನ್ನು ಬೇಕೆಂದೇ ಅರೆಬರೆ ಬಿಡಬೇಕು, ಮಾಟುಂಗಾದ ಆ ತಾರೀಖಿನ ಕಾಲಂ ಥರ. "ಇದು ಮೇ ನಾಲ್ಕೋ ಏಪ್ರಿಲ್ ಐದೋ?" ಎಂದು ನಿಂತು ಕೇಳಿದ ಟೂಲ್‌ಗೆ ಪೂರ್ತಿ ಅಂಕ. ಕೇಳದೆ ಮೂರು ಬಣ್ಣದ ಗ್ರಾಫ್ ಬಿಡಿಸಿ ಕೊಟ್ಟದ್ದಕ್ಕೆ ಸೊನ್ನೆ. ಕಂಪನಿಗಳು ಹೊರಡಿಸುವ ಪಟ್ಟಿಗಳಲ್ಲಿ ಈ ಕಾಲಂ ಹುಡುಕಿದರೆ ಸಿಗುವುದು ಕಷ್ಟ.